ಹದಿಹರೆಯದವರ ಓಪಿಯಾಯ್ಡ್ ಚಟಕ್ಕೆ ಬುಪ್ರೆನಾರ್ಫಿನ್: ಮೊದಲ ಮಾತ್ರೆಯಿಂದ ಕೊನೆಯ ಮಾತ್ರೆಯವರೆಗೆ

ಮನೆಯ ಮಗನೋ ಮಗಳೋ ಟ್ಯಾಪೆಂಟಡಾಲ್, ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್ ಅಥವಾ ಹೆರಾಯಿನ್‌ಗೆ ಬಿದ್ದಿದ್ದಾರೆ ಎಂದು ಗೊತ್ತಾದಾಗ ಹೆಚ್ಚಿನ ಮನೆಗಳಲ್ಲಿ ಬರುವ ಮೊದಲ ಮಾತು, "ಹದಿನೈದು ದಿನ ಎಲ್ಲಾದರೂ ಸೇರಿಸಿ ಬಿಡಿಸಿಕೊಂಡು ಬರೋಣ." ಈ ದಾರಿ ಹಿಡಿಯುವ ಮೊದಲು ಒಂದು ವಿಷಯ ತಿಳಿದಿರಲಿ. ಹದಿನೈದು ದಿನ ಮುಟ್ಟದೆ ಇದ್ದ ದೇಹ ಹಳೆಯ ಪ್ರಮಾಣವನ್ನು ತಾಳುವ ಶಕ್ತಿ ಕಳೆದುಕೊಂಡಿರುತ್ತದೆ. ಮನೆಗೆ ಬಂದ ಹುಡುಗ ಗೆಳೆಯರ ಜೊತೆ ಮತ್ತೆ ಅಷ್ಟೇ ಮಾತ್ರೆ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಓಪಿಯಾಯ್ಡ್ (ಅಫೀಮಿನ ಗುಣವಿರುವ ಇಂಥ ನೋವಿನ ಔಷಧ, ಮಾದಕ ವಸ್ತು) ಚಟದಲ್ಲಿ ಸಾವಿನ ಅಪಾಯ ಅತಿ ಹೆಚ್ಚಿರುವುದು ಹೀಗೆ ಬಿಡಿಸಿಕೊಂಡು ಬಂದ ನಂತರದ ವಾರಗಳಲ್ಲೇ.

ಇದರ ಬದಲು ತುಡಿತ ಮತ್ತು ಬಿಟ್ಟಾಗಿನ ಸಂಕಟ ತಗ್ಗಿಸುವ ಬುಪ್ರೆನಾರ್ಫಿನ್ ಎಂಬ ಔಷಧವನ್ನು ತಿಂಗಳುಗಟ್ಟಲೆ ಮುಂದುವರಿಸಿದರೆ ಏನಾಗುತ್ತದೆ ಎಂಬುದಕ್ಕೆ ಒಳ್ಳೆಯ ಸಾಕ್ಷ್ಯವಿದೆ. 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 15ರಿಂದ 21 ವರ್ಷದ 152 ಜನರನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ 14 ದಿನದ ಡಿಟಾಕ್ಸ್ (ಕೆಲವೇ ದಿನದಲ್ಲಿ ಬಿಡಿಸುವ ಚಿಕಿತ್ಸೆ), ಇನ್ನೊಂದಕ್ಕೆ 12 ವಾರ ಬುಪ್ರೆನಾರ್ಫಿನ್-ನಲೋಕ್ಸೋನ್. ಕೌನ್ಸೆಲಿಂಗ್ ಎರಡಕ್ಕೂ ಒಂದೇ. ಎಂಟನೇ ವಾರದಲ್ಲಿ ಮೂತ್ರದಲ್ಲಿ ಓಪಿಯಾಯ್ಡ್ ಕಂಡುಬಂದದ್ದು ಡಿಟಾಕ್ಸ್ ಗುಂಪಿನ ಶೇ. 54 ಜನರಲ್ಲಿ, ಔಷಧದ ಗುಂಪಿನ ಶೇ. 23 ಜನರಲ್ಲಿ. ಒಂಬತ್ತನೇ ವಾರದಿಂದ ಔಷಧ ಇಳಿಸಲು ಶುರುಮಾಡಿದರು. ಹನ್ನೆರಡನೇ ವಾರದ ಹೊತ್ತಿಗೆ ಅದೇ ಗುಂಪಿನ ಅಂಕಿ ಶೇ. 43ಕ್ಕೆ ಏರಿತ್ತು. ಔಷಧ ಕೆಲಸ ಮಾಡಿತು, ಬೇಗ ನಿಲ್ಲಿಸಿದ್ದು ಕೆಡಿಸಿತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಹದಿಹರೆಯದವರಿಗೂ ಔಷಧ ಚಿಕಿತ್ಸೆ ಕೊಡಿ ಎಂದು ಶಿಫಾರಸು ಮಾಡಿತು. ಅಲ್ಲಿ ಈ ಔಷಧಕ್ಕೆ 16 ವರ್ಷದಿಂದ ಮೇಲ್ಪಟ್ಟವರಿಗೆ ಒಪ್ಪಿಗೆ ಇದೆ. ಅದಕ್ಕಿಂತ ಚಿಕ್ಕವರಿಗೆ ಕೊಡಬೇಕೇ ಬೇಡವೇ ಎಂಬುದನ್ನು ತಜ್ಞ ಮನೋವೈದ್ಯರು ಒಬ್ಬೊಬ್ಬರನ್ನೂ ನೋಡಿಯೇ ತೀರ್ಮಾನಿಸುತ್ತಾರೆ.

ಕೆಳಗೆ ಬರುವ ಮಿಲಿಗ್ರಾಂ ಲೆಕ್ಕಗಳು ವೈದ್ಯರು ಸಾಮಾನ್ಯವಾಗಿ ಅನುಸರಿಸುವಂಥವು. ಮನೆಯಲ್ಲೇ ನೀವಾಗಿ ಡೋಸ್ ನಿರ್ಧರಿಸಲು ಇವನ್ನು ಬಳಸಬೇಡಿ. ನಿಮ್ಮ ಮಗುವಿಗೆ ಏನು ಕೊಡುತ್ತಿದ್ದಾರೆ, ಯಾಕೆ ಕೊಡುತ್ತಿದ್ದಾರೆ ಎಂದು ಅರ್ಥವಾಗಲಿ, ಸರಿಯಾದ ಪ್ರಶ್ನೆ ಕೇಳಲು ಬರಲಿ ಎಂದು ಕೊಟ್ಟಿದ್ದೇವೆ.

ಎಲ್ಲಿಗೆ ಹೋಗಬೇಕು, ಏನು ಒಯ್ಯಬೇಕು

ಬುಪ್ರೆನಾರ್ಫಿನ್-ನಲೋಕ್ಸೋನ್ ಮಾತ್ರೆ ಸಾಮಾನ್ಯ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ. ಡಿ-ಅಡಿಕ್ಷನ್ ಸೌಲಭ್ಯವಿರುವ ಆಸ್ಪತ್ರೆ ಅಥವಾ ಕ್ಲಿನಿಕ್ಕಿನಿಂದಲೇ ಪಡೆಯಬೇಕು. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ, ಧಾರವಾಡದಲ್ಲಿ ಡಿಮ್ಹಾನ್ಸ್, ಉಳಿದ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಅಥವಾ ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ ವಿಚಾರಿಸಿ. ಹೋಗುವ ಮುಂಚೆ ಫೋನ್ ಮಾಡಿ "ಬುಪ್ರೆನಾರ್ಫಿನ್ ಇದೆಯೇ, 18ಕ್ಕಿಂತ ಚಿಕ್ಕವರನ್ನು ನೋಡುತ್ತೀರಾ" ಎಂದು ನೇರವಾಗಿ ಕೇಳಿ. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ 14416ಕ್ಕೆ ಅಥವಾ ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಬಹುದು.

ಕೋಣೆಯಲ್ಲಿ, ಬ್ಯಾಗಿನಲ್ಲಿ ಸಿಕ್ಕ ಖಾಲಿ ಸ್ಟ್ರಿಪ್‌ಗಳನ್ನು ಸಿಟ್ಟಿನಲ್ಲಿ ಬಿಸಾಡಬೇಡಿ. ವೈದ್ಯರಿಗೆ ಅದಕ್ಕಿಂತ ಒಳ್ಳೆಯ ಸುಳಿವು ಇನ್ನೊಂದಿಲ್ಲ. ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಹೆಸರಿನ ಮುಂದೆ ಎಸ್ಆರ್ ಅಥವಾ ಇಆರ್ (ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ) ಎಂದಿದೆಯೇ, ದಿನಕ್ಕೆ ಎಷ್ಟು, ನುಂಗುವುದೋ, ಫಾಯಿಲ್ ಮೇಲೆ ಸುಟ್ಟು ಎಳೆಯುವುದೋ, ಕರಗಿಸಿ ಚುಚ್ಚಿಕೊಳ್ಳುವುದೋ, ಕೊನೆಯ ಸಲ ತೆಗೆದುಕೊಂಡದ್ದು ಎಷ್ಟು ಹೊತ್ತಿಗೆ, ಇವೆಲ್ಲ ಬೇಕು. ಜೊತೆಗೆ ಮದ್ಯ, ಆಲ್ಪ್ರಜೋಲಾಂ ಅಥವಾ ನೈಟ್ರಾಜೆಪಾಂ ತರಹದ ನಿದ್ದೆ ಮಾತ್ರೆ, ನರನೋವಿಗೆ ಕೊಡುವ ಪ್ರಿಗಾಬಲಿನ್ ಇದೆಯೇ ಎಂಬುದನ್ನೂ ಹೇಳಲೇಬೇಕು. ಟ್ರಮಡಾಲ್ ತೆಗೆದುಕೊಳ್ಳುತ್ತಿದ್ದರೆ ಒಮ್ಮೆಯಾದರೂ ಫಿಟ್ಸ್ ಬಂದಿತ್ತೇ ಎಂದು ನೆನಪಿಸಿಕೊಳ್ಳಿ. ಆ ಮಾತ್ರೆಗೆ ಫಿಟ್ಸ್ ತರುವ ಗುಣವಿದೆ.

ಇಷ್ಟೂ ನಿಜ ಅಪ್ಪ ಅಮ್ಮನ ಎದುರಿಗೆ ಹೊರಬರುವುದಿಲ್ಲ. ವೈದ್ಯರು ಮಗುವಿನ ಜೊತೆ ಒಂಟಿಯಾಗಿ ಮಾತಾಡುತ್ತೇವೆ ಎಂದರೆ ಎದ್ದು ಹೊರಗೆ ಕೂರಿ, ಆಮೇಲೆ "ಏನು ಹೇಳಿದ?" ಎಂದು ಕೆದಕಬೇಡಿ. ಅಷ್ಟು ಹೊತ್ತಿನಲ್ಲಿ ವೈದ್ಯರು ಖಿನ್ನತೆ, ಆತ್ಮಹತ್ಯೆಯ ಯೋಚನೆ, ಶಾಲೆಯಲ್ಲಿನ ತೊಂದರೆ, ಯಾರಾದರೂ ಹಿಂಸೆ ಕೊಡುತ್ತಿದ್ದಾರೆಯೇ ಎಂಬುದನ್ನೂ ಕೇಳುತ್ತಾರೆ. ಲಿವರ್ ಪರೀಕ್ಷೆ, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗಳು ಆಗುತ್ತವೆ. ಹುಡುಗಿಯಾದರೆ ಗರ್ಭ ಪರೀಕ್ಷೆಯನ್ನೂ ಮಾಡುತ್ತಾರೆ. ಇದನ್ನು ಅವಮಾನ ಎಂದು ತಿಳಿಯಬಾರದು: ಗರ್ಭಿಣಿಯಾಗಿದ್ದರೆ ಓಪಿಯಾಯ್ಡ್ ಏಕಾಏಕಿ ನಿಲ್ಲಿಸುವುದು ಅಪಾಯ, ಚಿಕಿತ್ಸೆಯ ಯೋಜನೆಯೇ ಬೇರೆಯಾಗುತ್ತದೆ.

ಮೊದಲ ದಿನ: ಕಾಯುವುದೇ ಕಷ್ಟದ ಕೆಲಸ

ಹೆರಾಯಿನ್, ಟ್ಯಾಪೆಂಟಡಾಲ್‌ನಂಥವು ಮಿದುಳಿನ ಓಪಿಯಾಯ್ಡ್ ಗ್ರಾಹಕಗಳ (ಓಪಿಯಾಯ್ಡ್ ಬಂದು ಅಂಟಿಕೊಳ್ಳುವ ಜಾಗಗಳ) ಮೇಲೆ ಕೂತು ಪೂರ್ತಿ ಕೆಲಸ ಮಾಡಿಸುತ್ತವೆ. ಬುಪ್ರೆನಾರ್ಫಿನ್ ಅದೇ ಜಾಗದಲ್ಲಿ ಕೂತು ಅರ್ಧ ಕೆಲಸ ಮಾಡಿಸುತ್ತದೆ, ಆದರೆ ಅದರ ಹಿಡಿತ ಅವುಗಳಿಗಿಂತ ಬಿಗಿ. ರಶ್ಶಿರುವ ಬಸ್ಸಿನಲ್ಲಿ ಕೂತವರನ್ನು ಎಬ್ಬಿಸಿ ತಾನು ಕೂರುವ ಹಾಗೆ. ಸೀಟು ತಾನಾಗಿ ಖಾಲಿಯಾದ ಮೇಲೆ ಕೂತರೆ ಆರಾಮ. ತುಂಬಿದ್ದಾಗಲೇ ನುಗ್ಗಿದರೆ ಇದ್ದ ಓಪಿಯಾಯ್ಡ್ ಅಷ್ಟೂ ಒಮ್ಮೆಲೇ ಎದ್ದುಹೋಗಿ ಓಪಿಯಾಯ್ಡ್ ಬಿಟ್ಟಾಗ ಬರುವ, ಮೈ ಮುರಿದುಹಾಕುವಂಥ ಸಂಕಟ, ಅಂದರೆ ವಿತ್‌ಡ್ರಾವಲ್ ಶುರುವಾಗುತ್ತದೆ. ಚಿಕಿತ್ಸೆಯ ಮೊದಲ ದಿನ ಹಾಳಾಗುವುದು ಬಹುಪಾಲು ಇದೇ ಕಾರಣಕ್ಕೆ. ಹಾಗೆ ಆದ ಹುಡುಗ "ಆ ಮಾತ್ರೆ ನನಗೆ ಆಗಿಬರಲ್ಲ" ಎಂದು ಮತ್ತೆ ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ.

ಅದಕ್ಕೇ ಹೆರಾಯಿನ್ ಅಥವಾ ಸಾಧಾರಣ ಟ್ಯಾಪೆಂಟಡಾಲ್ ಆದರೆ ಕೊನೆಯ ಸೇವನೆಯಿಂದ ಕನಿಷ್ಠ 12 ಗಂಟೆ, ನಿಧಾನವಾಗಿ ಬಿಡುಗಡೆಯಾಗುವ ಎಸ್ಆರ್, ಇಆರ್ ಮಾತ್ರೆಯಾದರೆ 24 ಗಂಟೆಯವರೆಗೆ, ಮೈಯಲ್ಲಿ ಬಹಳ ಹೊತ್ತು ಉಳಿಯುವ ಮೆಥಡೋನ್ ಎಂಬ ಓಪಿಯಾಯ್ಡ್ ಆಗಿದ್ದರೆ 36ರಿಂದ 72 ಗಂಟೆ ಕಾಯಿಸುತ್ತಾರೆ. ಗಡಿಯಾರವೊಂದನ್ನೇ ನಂಬುವಂತಿಲ್ಲ; ಮೈ ಏನು ಹೇಳುತ್ತಿದೆ ಎಂಬುದು ಮುಖ್ಯ. ಇದಕ್ಕೆ ಕೌಸ್ ಎಂಬ ಅಳತೆಪಟ್ಟಿ ಇದೆ. ನಾಡಿ ಬಡಿತ, ಬೆವರು, ಚಡಪಡಿಕೆ, ಕಣ್ಣಿನ ಪಾಪೆಯ ಗಾತ್ರ, ಮೈಕೈ ನೋವು, ಮೂಗು ಕಣ್ಣು ಸೋರುವುದು, ಹೊಟ್ಟೆ ತೊಳಸುವುದು, ನಡುಕ, ಆಕಳಿಕೆ, ಆತಂಕ, ಮೈಮೇಲಿನ ರೋಮ ನಿಮಿರುವುದು, ಹೀಗೆ 11 ಲಕ್ಷಣಗಳಿಗೆ ಅಂಕ; ಒಟ್ಟು 48. ಐದರಿಂದ ಹನ್ನೆರಡು ಅಂಕ ಬಂದರೆ ಸೌಮ್ಯ, ಹದಿಮೂರರ ಮೇಲೆ ಮಧ್ಯಮ. ಸಾಮಾನ್ಯವಾಗಿ 8ರಿಂದ 12 ದಾಟಿದ ಮೇಲೆಯೇ ಮೊದಲ ಮಾತ್ರೆ. ಮನೆಯವರಿಗೆ ಸುಲಭದ ಗುರುತು ಕಣ್ಣು: ನಶೆಯಲ್ಲಿದ್ದಾಗ ಸಾಸಿವೆಯಷ್ಟು ಕುಗ್ಗಿದ್ದ ಪಾಪೆ ಈಗ ಅಗಲವಾಗಿ ಅರಳಿರಬೇಕು. ಮಗು ಸಮಯದ ಬಗ್ಗೆ ಸುಳ್ಳು ಹೇಳಿದರೂ ಕಣ್ಣಿನ ಪಾಪೆ ಹೇಳುವುದಿಲ್ಲ.

ಮೊದಲ ಡೋಸ್ 2ರಿಂದ 4 ಮಿಲಿಗ್ರಾಂ. ಒಂದೆರಡು ಗಂಟೆ ಕೂರಿಸಿ ನೋಡುತ್ತಾರೆ. ತಳಮಳ ಉಳಿದಿದ್ದರೆ ಇನ್ನೊಂದು 2 ಅಥವಾ 4. ಮೊದಲ ದಿನದ ಒಟ್ಟು ಸಾಮಾನ್ಯವಾಗಿ 8 ಮಿಲಿಗ್ರಾಂ ಆಸುಪಾಸು. ಎರಡನೆಯ ದಿನ ಬೆಳಿಗ್ಗೆ ನಿನ್ನೆಯ ಒಟ್ಟನ್ನು ಒಂದೇ ಸಲ ಕೊಟ್ಟು, ಬೇಕಾದರೆ ಮತ್ತೆ ಏರಿಸುತ್ತಾರೆ. ಸಾಲದ ಡೋಸಿನಲ್ಲಿ ನಿಲ್ಲಿಸುವುದು ಇಲ್ಲಿ ಪದೇ ಪದೇ ಆಗುವ ತಪ್ಪು. "ಚಿಕ್ಕ ಹುಡುಗ, ಸ್ವಲ್ಪವೇ ಸಾಕು" ಎಂದು 2 ಮಿಲಿಗ್ರಾಂನಲ್ಲೇ ಉಳಿಸಿದರೆ ಸಂಜೆಗೆ ಮೈ ಎಳೆಯಲು ಶುರುವಾಗಿ ರಾತ್ರಿ ಹಳೆಯ ಗೆಳೆಯನಿಗೆ ಫೋನ್ ಹೋಗುತ್ತದೆ. ಬಹುತೇಕರು ನೆಲೆ ನಿಲ್ಲುವುದು ದಿನಕ್ಕೆ 8ರಿಂದ 16 ಮಿಲಿಗ್ರಾಂ ನಡುವೆ. 24 ಗಂಟೆಯೂ ವಿತ್‌ಡ್ರಾವಲ್ ಇಲ್ಲ, ತುಡಿತ ಇಲ್ಲ, ತೂಕಡಿಕೆಯೂ ಇಲ್ಲ ಎನ್ನುವ ಪ್ರಮಾಣವೇ ಸರಿಯಾದ ಡೋಸ್.

ಕಾಯುವ ಹೊತ್ತಿನಲ್ಲಿ ಮತ್ತು ಮೊದಲ ಎರಡು ದಿನಗಳಲ್ಲಿ ವೈದ್ಯರು ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೆನ್, ವಾಂತಿಗೆ ಒಂಡಾನ್ಸೆಟ್ರಾನ್, ಭೇದಿಗೆ ಲೋಪೆರಮೈಡ್, ಬೆವರು ಚಡಪಡಿಕೆಗೆ ಕ್ಲೋನಿಡಿನ್ ಕೊಡಬಹುದು. ಕ್ಲೋನಿಡಿನ್ ಬಿಪಿ ಇಳಿಸುತ್ತದೆ, ಎದ್ದು ನಿಂತಾಗ ತಲೆ ಸುತ್ತಬಹುದು. ಪ್ರತಿ ಡೋಸಿಗೆ ಮೊದಲು ಬಿಪಿ ನೋಡಿಸಿ. ನೋವಿಗೆಂದು ಮನೆಯಲ್ಲಿದ್ದ ಟ್ರಮಡಾಲ್ ಕೊಟ್ಟುಬಿಟ್ಟರೆ ಮತ್ತೆ ಮೊದಲಿಂದ ಕಾಯಬೇಕು. ಅಕಸ್ಮಾತ್ ಮಾತ್ರೆ ಕೊಟ್ಟ ಒಂದು ಗಂಟೆಯೊಳಗೆ ವಾಂತಿ, ಭೇದಿ, ನಡುಕ ಜೋರಾಗಿ ಎದ್ದರೆ ಹೆದರಿ ಚಿಕಿತ್ಸೆ ಬಿಡಬೇಡಿ, ಕೂಡಲೇ ವೈದ್ಯರಿಗೆ ತಿಳಿಸಿ. ಬಹಳ ಸಲ ಬುಪ್ರೆನಾರ್ಫಿನನ್ನೇ ಇನ್ನಷ್ಟು ಕೊಟ್ಟು ಇದನ್ನು ತಣಿಸುತ್ತಾರೆ.

ನಾಲಿಗೆಯ ಕೆಳಗೆ ಹತ್ತು ನಿಮಿಷ

ಇಲ್ಲಿ ಸಿಗುವ ಮಾತ್ರೆಯಲ್ಲಿ ಸಾಮಾನ್ಯವಾಗಿ 2 ಮಿಲಿಗ್ರಾಂ ಬುಪ್ರೆನಾರ್ಫಿನ್ ಜೊತೆ 0.5 ಮಿಲಿಗ್ರಾಂ ನಲೋಕ್ಸೋನ್ ಇರುತ್ತದೆ, 0.4 ಮತ್ತು 0.1ರ ಸಣ್ಣ ಮಾತ್ರೆಯೂ ಇದೆ. ನುಂಗಿದರೆ ಔಷಧದ ಹೆಚ್ಚಿನ ಪಾಲು ಲಿವರಿನಲ್ಲೇ ಹಾಳಾಗುತ್ತದೆ. ನಾಲಿಗೆಯ ಅಡಿಯ ತೆಳು ಚರ್ಮದಿಂದಲೇ ರಕ್ತಕ್ಕೆ ಸೇರಬೇಕು. ಜೊತೆಗಿರುವ ನಲೋಕ್ಸೋನ್ ಬಾಯಿಯ ಮೂಲಕ ಹೆಚ್ಚು ಸೇರುವುದಿಲ್ಲ, ಆದ್ದರಿಂದ ಸುಮ್ಮನಿರುತ್ತದೆ. ಯಾರಾದರೂ ಕರಗಿಸಿ ಚುಚ್ಚಿಕೊಂಡರೆ ಮಾತ್ರ ಎದ್ದು ವಿತ್‌ಡ್ರಾವಲ್ ತರುತ್ತದೆ, ದುರ್ಬಳಕೆ ತಡೆಯಲೆಂದೇ ಅದನ್ನು ಸೇರಿಸಿರುವುದು.

ಕೊಡುವ ಕ್ರಮ ಹೀಗಿರಲಿ. ಮೊದಲು ಒಂದು ಗುಟುಕು ನೀರು ಕುಡಿಸಿ ಬಾಯಿ ಒದ್ದೆ ಮಾಡಿಸಿ. ಒಣ ಬಾಯಲ್ಲಿ ಮಾತ್ರೆ ಕರಗುವುದೇ ಇಲ್ಲ. "ನಾಲಿಗೆ ಎತ್ತು ನೋಡೋಣ ಮಗಾ" ಎಂದು ಮಾತ್ರೆಗಳನ್ನು ಅಡಿಯಲ್ಲಿ ಬಲಕ್ಕೊಂದು ಎಡಕ್ಕೊಂದು ಇಡಿಸಿ. ನಾಲ್ಕು ಮಾತ್ರೆಯಿದ್ದರೆ ಎರಡೆರಡಾಗಿ. ತಲೆ ಸ್ವಲ್ಪ ಮುಂದೆ ಬಾಗಿಸಿ ಕೂರಲಿ, ಜೊಲ್ಲು ನುಂಗದಿರಲಿ, ಮಾತಾಡದಿರಲಿ. ಪೂರ್ತಿ ಕರಗಲು 5ರಿಂದ 10 ನಿಮಿಷ ಹಿಡಿಯುತ್ತದೆ. ಟೀ, ಕಾಫಿ, ತಿಂಡಿ ಎಲ್ಲ ಆಮೇಲೆ. ಮತ್ತೆ ನಾಲಿಗೆ ಎತ್ತಿಸಿ ನೋಡಿ. ಬಿಳಿ ಪುಡಿ ಉಳಿದಿದ್ದರೆ ಇನ್ನೆರಡು ನಿಮಿಷ. ಕರಗಿದ ಮೇಲೆ ನೀರು ಬಾಯಲ್ಲಿ ಮುಕ್ಕಳಿಸಿ ನುಂಗಲಿ. ಹಲ್ಲುಜ್ಜುವುದು ಒಂದು ಗಂಟೆ ಬಿಟ್ಟು. ಈ ಔಷಧದಿಂದ ಹಲ್ಲು ಹುಳುಕಾಗುವ ಬಗ್ಗೆ ಅಮೆರಿಕದ ಔಷಧ ಇಲಾಖೆ 2022ರಲ್ಲಿ ಎಚ್ಚರಿಕೆ ಕೊಟ್ಟಿದೆ, ಹಾಗಾಗಿ ಆರು ತಿಂಗಳಿಗೊಮ್ಮೆ ಹಲ್ಲಿನ ಡಾಕ್ಟರಿಗೆ ತೋರಿಸುವುದು ಒಳ್ಳೆಯದು. ಮಾತ್ರೆ ಪೂರ್ತಿ ಕರಗಿದ ಮೇಲೆ ವಾಂತಿಯಾದರೆ ಮತ್ತೆ ಕೊಡುವ ಅಗತ್ಯವಿಲ್ಲ.

ದಿನಕ್ಕೊಮ್ಮೆ, ಒಂದೇ ಹೊತ್ತಿಗೆ, ಮನೆಯ ಒಬ್ಬ ದೊಡ್ಡವರ ಕಣ್ಣೆದುರು. ಅದು ಅಪ್ಪನೇ ಆಗಬೇಕಿಲ್ಲ. ಅಜ್ಜಿಯೋ ಚಿಕ್ಕಪ್ಪನೋ ಆದರೂ ಸರಿ, ಬೈಯದೆ ಹತ್ತು ನಿಮಿಷ ಕೂರಬಲ್ಲವರಾದರೆ ಸಾಕು. ಆ ಹತ್ತು ನಿಮಿಷದಲ್ಲಿ ಬುದ್ಧಿವಾದ ಬೇಡ. ಹುಡುಗ ಬಾಯಿ ಬಿಡುವಂತಿಲ್ಲದ ಹೊತ್ತಿನಲ್ಲೇ ಎಲ್ಲ ದೂರುಗಳನ್ನೂ ಹೇಳಿದರೆ ಮಾತ್ರೆಯ ಹೊತ್ತೇ ಅವನಿಗೆ ಶಿಕ್ಷೆಯಾಗುತ್ತದೆ, ತಪ್ಪಿಸಿಕೊಳ್ಳಲು ಶುರುಮಾಡುತ್ತಾನೆ.

ಉಳಿದ ಮಾತ್ರೆ ಬೀಗ ಹಾಕಿದ ಪೆಟ್ಟಿಗೆಯಲ್ಲಿರಲಿ, ಎಣಿಸಿಟ್ಟಿರಿ. ದೊಡ್ಡವರಿಗೆ ಸಾಮಾನ್ಯವಾದ ಒಂದು ಮಾತ್ರೆ ಮನೆಯ ಪುಟ್ಟ ಮಗುವಿನ ಉಸಿರು ನಿಲ್ಲಿಸಬಲ್ಲದು. ತಂಗಿಯೋ ತಮ್ಮನೋ ಬಾಯಿಗೆ ಹಾಕಿಕೊಂಡ ಅನುಮಾನ ಬಂದರೂ ಸಾಕು, ಮಗು ಆಟವಾಡಿಕೊಂಡೇ ಇದ್ದರೂ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಪರಿಣಾಮ ತಡವಾಗಿ ಕಾಣಬಹುದು, ಒಂದು ದಿನ ನಿಗಾದಲ್ಲಿ ಇರಿಸಬೇಕಾಗುತ್ತದೆ.

ನಡುವೆ ಎದುರಾಗುವ ತೊಡಕುಗಳು

ಮಲಬದ್ಧತೆ ಹೆಚ್ಚಿನವರಿಗೆ ಬರುತ್ತದೆ. ನೀರು, ಸೊಪ್ಪು, ಹಣ್ಣು ಸಾಲದಿದ್ದರೆ ಲ್ಯಾಕ್ಟುಲೋಸ್ ಕೇಳಿ. ಬೆವರು, ತಲೆನೋವು ಕೆಲವು ವಾರಗಳಲ್ಲಿ ತಗ್ಗುತ್ತವೆ. ನಿಜವಾಗಿ ಎಚ್ಚರವಿರಬೇಕಾದದ್ದು ಮದ್ಯ, ನಿದ್ದೆ ಮಾತ್ರೆ, ಪ್ರಿಗಾಬಲಿನ್ ವಿಷಯದಲ್ಲಿ. ಓಪಿಯಾಯ್ಡ್ ರೂಢಿಯಾದ ದೇಹದಲ್ಲಿ ಬುಪ್ರೆನಾರ್ಫಿನ್ ಒಂದೇ ಇದ್ದರೆ ಅದು ಉಸಿರನ್ನು ಒಂದು ಮಿತಿಗಿಂತ ಹೆಚ್ಚು ತಗ್ಗಿಸುವುದಿಲ್ಲ. ಇವು ಸೇರಿದರೆ ಆ ಮಿತಿ ಉಳಿಯುವುದಿಲ್ಲ. ಹಾಗೆಂದು ನಿದ್ದೆ ಮಾತ್ರೆಯ ಚಟವೂ ಇದೆ ಎಂದು ಬುಪ್ರೆನಾರ್ಫಿನ್ ನಿರಾಕರಿಸುವುದು ಸರಿಯಲ್ಲ. ನಿದ್ದೆ ಮಾತ್ರೆಯನ್ನು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರುವುದುಂಟು, ಅದನ್ನೂ ವೈದ್ಯರೇ ಹಂತಹಂತವಾಗಿ ಇಳಿಸಬೇಕು.

ಒಂದು ದಿನ ತಪ್ಪಿದರೆ ಮರುದಿನ ಎಂದಿನ ಡೋಸ್ ಕೊಡಿ, ಎರಡು ಪಟ್ಟು ಬೇಡ. ಹಲವು ದಿನ ತಪ್ಪಿದ್ದರೆ ಅಥವಾ ನಡುವೆ ಹಳೆಯದನ್ನು ತೆಗೆದುಕೊಂಡಿದ್ದರೆ ಕೊಡುವ ಮುಂಚೆ ವೈದ್ಯರನ್ನು ಕೇಳಿ. ಕಾಯುವ ಲೆಕ್ಕ ಮತ್ತೆ ಬರುತ್ತದೆ. ಬೈಕಿನಿಂದ ಬಿದ್ದು ಮೂಳೆ ಮುರಿದರೆ, ಹಲ್ಲು ಕೀಳಿಸಬೇಕಾದರೆ, ಆಪರೇಶನ್ ಆಗಬೇಕಾದರೆ ಅಲ್ಲಿನ ವೈದ್ಯರಿಗೆ ಈ ಔಷಧದ ಹೆಸರು ಹೇಳಲೇಬೇಕು. ಮುಚ್ಚಿಟ್ಟರೆ ಅವರು ಕೊಡುವ ನೋವಿನ ಇಂಜೆಕ್ಷನ್ ತಾಗದೆ ಮಗು ಸುಮ್ಮನೆ ನರಳಬೇಕಾಗುತ್ತದೆ.

ಮೂತ್ರ ಪರೀಕ್ಷೆಯ ಫಲಿತಾಂಶವನ್ನು ಅದರ ಮಿತಿ ತಿಳಿದು ಓದಿ. ಮಾರ್ಫಿನ್ ಗುರುತಿಸುವ ಸಾಮಾನ್ಯ ಸ್ಟ್ರಿಪ್ಪಿಗೆ ಹೆರಾಯಿನ್, ಕೊಡೀನ್ ಸಿಗುತ್ತವೆ; ಟ್ಯಾಪೆಂಟಡಾಲ್, ಟ್ರಮಡಾಲ್, ಬುಪ್ರೆನಾರ್ಫಿನ್ ಸಿಗುವುದಿಲ್ಲ, ಅವಕ್ಕೆ ಬೇರೆ ಪರೀಕ್ಷೆಯೇ ಬೇಕು. ಟ್ಯಾಪೆಂಟಡಾಲ್ ಚಟದ ಹುಡುಗನ ರಿಪೋರ್ಟ್ 'ನೆಗೆಟಿವ್' ಬಂತೆಂದು ನೆಮ್ಮದಿಪಟ್ಟು ಕೂರುವಂತಿಲ್ಲ. ಇನ್ನೊಂದು ಕಡೆ, ಹಬ್ಬದಲ್ಲಿ ಗಸಗಸೆ ಪಾಯಸ ಕುಡಿದವರ ಮೂತ್ರವೂ ಮಾರ್ಫಿನ್ ಪಾಸಿಟಿವ್ ತೋರಿಸಬಹುದು. ಪಾಸಿಟಿವ್ ಬಂದಾಗ ಮೊದಲು ಕೇಳಬೇಕಾದ್ದು "ಏನಾಯ್ತು, ಯಾವ ಹೊತ್ತಿಗೆ ಆಸೆಯಾಯ್ತು" ಎಂದು. ಡೋಸ್ ಸಾಲುತ್ತಿಲ್ಲವೆಂಬುದರ ಸೂಚನೆ ಅದಾಗಿರಬಹುದು. ಒಮ್ಮೆ ಜಾರಿದ ಎಂದು ಔಷಧ ನಿಲ್ಲಿಸುವ ಕೇಂದ್ರಗಳಿವೆ. ಇದನ್ನು ನಾವು ಖಡಾಖಂಡಿತವಾಗಿ ವಿರೋಧಿಸುತ್ತೇವೆ: ಜಾರಿದ ಹೊತ್ತಿನಲ್ಲೇ ಔಷಧದ ರಕ್ಷಣೆ ಹೆಚ್ಚು ಬೇಕು.

ಚುಚ್ಚಿಕೊಳ್ಳುತ್ತಿದ್ದವರಲ್ಲಿ ಹೆಪಟೈಟಿಸ್ ಸಿ ಕಂಡುಬಂದರೆ ಧೃತಿಗೆಡಬೇಡಿ. ಗುಣವಾಗುವ ರೋಗ ಅದು, 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಉಚಿತ ಔಷಧವಿದೆ.

ನಾಲ್‌ಟ್ರೆಕ್ಸೋನ್ ಕೊಡಬಹುದೇ?

"ಚಟ ಬಿಡಿಸಲು ಇನ್ನೊಂದು ಚಟದ ಔಷಧವೇ?" ಎಂದು ಕೇಳುವ ಹಿರಿಯರಿಗೆ ನಾಲ್‌ಟ್ರೆಕ್ಸೋನ್ ಹಿಡಿಸುತ್ತದೆ. ಅದು ಗ್ರಾಹಕಗಳನ್ನು ಮುಚ್ಚಿಬಿಡುತ್ತದೆ, ನಶೆ ಏರುವುದಿಲ್ಲ. ಆದರೆ ಶುರುಮಾಡುವ ಮೊದಲು 7ರಿಂದ 10 ದಿನ ಓಪಿಯಾಯ್ಡ್ ಪೂರ್ತಿ ಬಿಟ್ಟಿರಬೇಕು. ತುಡಿತ ಜೋರಾಗಿರುವ ಹದಿಹರೆಯದವರಲ್ಲಿ ಆ ಹತ್ತು ದಿನ ದಾಟಿಸುವುದೇ ಕಷ್ಟ. ದಿನದ 50 ಮಿಲಿಗ್ರಾಂ ಮಾತ್ರೆಯನ್ನು ನಾಲ್ಕು ದಿನ ತಪ್ಪಿಸಿದರೆ ರಕ್ಷಣೆ ಹೋಯಿತು, ತಾಳುವ ಶಕ್ತಿಯೂ ಇಲ್ಲ. 18ಕ್ಕಿಂತ ಚಿಕ್ಕವರಲ್ಲಿ ಇದರ ಸಾಕ್ಷ್ಯವೂ ತೆಳು. ಚಟ ಹೊಸದಾಗಿದ್ದು, ಮಗುವೇ ಬಯಸಿ, ಮನೆಯವರು ದಿನವೂ ಎದುರಿಗೆ ನಿಂತು ಕೊಡಬಲ್ಲರು ಎಂದಾದರೆ ಮಾತ್ರ ಯೋಚಿಸಬಹುದು.

ಉಸಿರು ನಿಧಾನವಾದರೆ

ಕರೆದರೆ ಎಚ್ಚರವಿಲ್ಲ, ತುಟಿ ಉಗುರು ನೀಲಿ, ಗಂಟಲಲ್ಲಿ ಗೊರಗೊರ ಸದ್ದು, ಪಾಪೆ ಸೂಜಿಮೊನೆಯಷ್ಟು. 108ಕ್ಕೆ ಕರೆ ಮಾಡಿ. ತಲೆ ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ, ಐದು ಸೆಕೆಂಡಿಗೊಮ್ಮೆ ಬಾಯಿಯಿಂದ ಉಸಿರು ಊದಿ. ಉಸಿರಾಡುತ್ತಿದ್ದರೆ ಪಕ್ಕಕ್ಕೆ ಮಲಗಿಸಿ. ಓಪಿಯಾಯ್ಡ್ ಪ್ರಭಾವವನ್ನು ಇಳಿಸುವ ನಲೋಕ್ಸೋನ್ ಇಂಜೆಕ್ಷನ್ ಆಸ್ಪತ್ರೆಯಿಂದ ಕೊಟ್ಟು ಕಲಿಸಿದ್ದರೆ 0.4 ಮಿಲಿಗ್ರಾಂ ತೊಡೆಯ ಸ್ನಾಯುವಿಗೆ ಚುಚ್ಚಿ. ಎರಡು ಮೂರು ನಿಮಿಷದಲ್ಲಿ ಉಸಿರು ಬರದಿದ್ದರೆ ಮತ್ತೊಂದು. ಇದರ ಪ್ರಭಾವ 30ರಿಂದ 90 ನಿಮಿಷ ಮಾತ್ರ, ಮಾತ್ರೆಯ ವಿಷ ಅದಕ್ಕಿಂತ ಹೆಚ್ಚು ಹೊತ್ತು ಇರುತ್ತದೆ. ಎದ್ದು ಕೂತರೂ ಆಸ್ಪತ್ರೆಗೆ ಹೋಗಲೇಬೇಕು. ನಿಂಬೆರಸ, ಉಪ್ಪುನೀರು ಕುಡಿಸುವುದು, ತಲೆಯ ಮೇಲೆ ತಣ್ಣೀರು ಸುರಿಯುವುದು ಯಾವುದೂ ಬೇಡ. ಕುಡಿಸಿದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮೊದಲ ಭೇಟಿಯಲ್ಲೇ ನಲೋಕ್ಸೋನ್ ಬಗ್ಗೆ ಕೇಳಿಟ್ಟುಕೊಳ್ಳಿ.

ದಾಖಲು ಮಾಡಬೇಕಾಗಿ ಬಂದರೆ

ಹೆಚ್ಚಿನ ಮಕ್ಕಳಿಗೆ ಹೊರರೋಗಿ ಚಿಕಿತ್ಸೆ ಸಾಕು. ದಾಖಲಿಸಬೇಕಾದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 87ನೇ ಕಲಂ ಅಪ್ರಾಪ್ತರಿಗೆ ವಿಶೇಷ ರಕ್ಷಣೆ ಕೊಟ್ಟಿದೆ. ಮಗುವನ್ನು ವಯಸ್ಕರಿಂದ ಬೇರೆ ಇರಿಸಬೇಕು, ಪೋಷಕರೋ ಅವರು ನೇಮಿಸಿದ ಒಬ್ಬರೋ ಜೊತೆಗೇ ಇರಬೇಕು, 72 ಗಂಟೆಯೊಳಗೆ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ತಿಳಿಸಬೇಕು. "ಮೂರು ತಿಂಗಳು ಯಾರೂ ಬಂದು ನೋಡಬಾರದು" ಎನ್ನುವ ಕೇಂದ್ರದಿಂದ ಮಗುವನ್ನು ವಾಪಸ್ ಕರೆದುಕೊಂಡು ಬನ್ನಿ. ಸರಪಳಿ ಹಾಕುವುದನ್ನು ಇದೇ ಕಾಯ್ದೆ ಪೂರ್ತಿ ನಿಷೇಧಿಸಿದೆ.

ಎಷ್ಟು ಕಾಲ, ಇಳಿಸುವುದು ಹೇಗೆ

ಕನಿಷ್ಠ ಒಂದು ವರ್ಷ ಎಂದು ಮನಸ್ಸಿನಲ್ಲಿಟ್ಟುಕೊಳ್ಳಿ; ಹಲವರಿಗೆ ಅದಕ್ಕಿಂತ ಹೆಚ್ಚು ಬೇಕಾಗುತ್ತದೆ. ಪಿಯುಸಿ ಪರೀಕ್ಷೆ, ಹಾಸ್ಟೆಲ್ ಸೇರುವುದು, ಮನೆಯಲ್ಲಿ ಮದುವೆ, ಇಂಥ ತಾರೀಕು ನೋಡಿ ಔಷಧ ನಿಲ್ಲಿಸಬೇಡಿ. ಹಾಸ್ಟೆಲ್ಲಿಗೆ ಹೋಗುವಾಗ ನಿಲ್ಲಿಸುವುದಂತೂ ಎಲ್ಲಕ್ಕಿಂತ ಕೆಟ್ಟ ಹೊತ್ತು: ಒಂಟಿತನ, ಹೊಸ ಜಾಗ, ಕೈಯಲ್ಲಿ ದುಡ್ಡು, ನೋಡುವವರಿಲ್ಲ. ಆ ಊರಿನ ಮನೋವೈದ್ಯರಿಗೆ ಕಾಗದ ಬರೆಸಿಕೊಂಡು ಅಲ್ಲೇ ಮುಂದುವರಿಸಿ.

ಹಲವು ತಿಂಗಳು ಬಳಕೆ ಇಲ್ಲ, ತುಡಿತ ಇಲ್ಲ, ಓದೋ ಕೆಲಸವೋ ಹಳಿಗೆ ಬಂದಿದೆ, ಖಿನ್ನತೆಗೂ ಚಿಕಿತ್ಸೆಯಾಗಿದೆ, ಎಲ್ಲಕ್ಕಿಂತ ಮುಖ್ಯವಾಗಿ ಮಗುವೇ ಇಳಿಸೋಣ ಎನ್ನುತ್ತಿದೆ ಎಂದಾಗ ವೈದ್ಯರನ್ನು ಕೇಳಿ ಶುರುಮಾಡಿ. ಒಮ್ಮೆಗೆ 2 ಮಿಲಿಗ್ರಾಂ ಇಳಿಸಿ, ಎರಡರಿಂದ ನಾಲ್ಕು ವಾರ ಅಲ್ಲೇ ನಿಂತು ನೋಡಿ ಮುಂದಿನ ಹೆಜ್ಜೆ. ಕೊನೆಯ 2 ಮಿಲಿಗ್ರಾಂ ಅತಿ ಕಷ್ಟದ್ದು, ಆಗ 0.4ರ ಮಾತ್ರೆಗಳು ಉಪಯೋಗಕ್ಕೆ ಬರುತ್ತವೆ. ನಿದ್ದೆ ಕೆಟ್ಟು, ಸಿಡುಕು ಹೆಚ್ಚಿ, ಹಳೆಯ ನಂಬರುಗಳು ಮತ್ತೆ ಫೋನಿನಲ್ಲಿ ಕಾಣಿಸಿಕೊಂಡರೆ ಹಿಂದಿನ ಡೋಸಿಗೆ ಹೋಗಿ ತಿಂಗಳುಗಟ್ಟಲೆ ಅಲ್ಲೇ ಇದ್ದರೂ ನಷ್ಟವಿಲ್ಲ. ಪೂರ್ತಿ ನಿಲ್ಲಿಸಿದ ಮೇಲೂ ಮೊದಲ ಮೂರು ತಿಂಗಳು ಎರಡು ವಾರಕ್ಕೊಮ್ಮೆ ಭೇಟಿ ಇರಲಿ, ನಲೋಕ್ಸೋನ್ ಮನೆಯಲ್ಲಿ ಕೈಗೆ ಸಿಗುವ ಜಾಗದಲ್ಲಿರಲಿ, ಮತ್ತೆ ಆಸೆ ಹುಟ್ಟಿದರೆ ಅದೇ ದಿನ ಔಷಧ ಮತ್ತೆ ಶುರುಮಾಡಬಹುದು ಎಂದು ಮಗುವಿಗೆ ಮೊದಲೇ ಹೇಳಿರಿ.